ಪಬ್ಲಿಕ್ ವೈ-ಫೈ, ಕ್ಲೌಡ್ ಸ್ಟೋರೇಜ್: ಯಾವ ದಾರಿ ಯಾರಿಗೆ?

ಹೊರಗೆಲ್ಲೋ ಕೂತು ನಿಮ್ಮ ಫೈಲ್ ಒಂದನ್ನು ತೆರೆಯುತ್ತೀರಿ. ವೈ-ಫೈ ಒಬ್ಬರದ್ದು, ಫೈಲ್ ಇರುವ ಸರ್ವರ್ ಮತ್ತೊಬ್ಬರದ್ದು. ಆಗ ಕೇಳಬೇಕಾದ ಪ್ರಶ್ನೆ ಎರಡು. ದಾರಿಯಲ್ಲಿ ಅದನ್ನು ಯಾರು ನೋಡಬಹುದು? ಸರ್ವರ್‌ನಲ್ಲಿ ಇರುವಾಗ ಅದನ್ನು ಯಾರು ತೆರೆಯಬಹುದು?

ಹೆಚ್ಚಿನವರ ಚಿಂತೆಯೆಲ್ಲ ಮೊದಲನೆಯದರ ಮೇಲೇ ಇರುತ್ತದೆ. ಸಂಪರ್ಕವನ್ನು ಮುಚ್ಚಿ ಒಯ್ಯುವ ವಿಪಿಎನ್ ಸೇವೆಗಳಲ್ಲಿ ಯಾವುದನ್ನು ತಗೊಳ್ಳೋದು ಅಂತ ವಾರಗಟ್ಟಲೆ ಹುಡುಕುತ್ತಾರೆ. ಕ್ಲೌಡ್ ಅಕೌಂಟಿಗೆ ಮಾತ್ರ ಹತ್ತು ಕಡೆ ಬಳಸಿದ ಹಳೇ ಪಾಸ್‌ವರ್ಡೇ ಇರುತ್ತದೆ. ಈ ಕ್ರಮ ತಲೆಕೆಳಗಾಗಿದೆ ಅನ್ನೋದು ನನ್ನ ಅಭಿಪ್ರಾಯ. ಹದಿನೈದು ವರ್ಷದ ಹಿಂದೆ ಅಪಾಯ ವೈ-ಫೈನಲ್ಲಿತ್ತು. ಈಗ ಅದರ ದೊಡ್ಡ ಪಾಲು ಅಕೌಂಟಿನ ಕಡೆಗೆ ಹೋಗಿದೆ. ಈ ಹೋಲಿಕೆಯನ್ನು ಆ ಲೆಕ್ಕದಲ್ಲೇ ಮಾಡಿದ್ದೇನೆ.

ವೈ-ಫೈ ಅಪಾಯ ಈಗ ಎಷ್ಟು ಉಳಿದಿದೆ?

2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ ಫೈರ್‌ಶೀಪ್ ಅನ್ನೋ ಪುಟ್ಟ ಸಾಧನವನ್ನು ಹೊರಗೆ ಬಿಟ್ಟರು. ಅದನ್ನು ಫೈರ್‌ಫಾಕ್ಸ್ ಬ್ರೌಸರ್‌ಗೆ ಸೇರಿಸಿಕೊಂಡರೆ ಸಾಕು, ಅದೇ ವೈ-ಫೈನಲ್ಲಿ ಫೇಸ್‌ಬುಕ್, ಟ್ವಿಟರ್ ನೋಡುತ್ತಿರುವವರ ಹೆಸರುಗಳು ಪಕ್ಕದಲ್ಲಿ ಸಾಲಾಗಿ ಬರುತ್ತಿದ್ದವು. ಒಂದು ಹೆಸರು ಒತ್ತಿದರೆ ಅವರ ಅಕೌಂಟಿನ ಒಳಗೇ ಹೋಗಬಹುದಿತ್ತು. ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಆಗ ಬಹಳ ಸೈಟ್‌ಗಳು ಲಾಗಿನ್ ಪುಟವನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುತ್ತಿದ್ದವು, ಅಂದರೆ ಬೇರೆಯವರು ಓದಲಾಗದ ರೂಪಕ್ಕೆ ತಿರುಗಿಸುತ್ತಿದ್ದವು. ಆಮೇಲೆ ನಿಮ್ಮ ಗುರುತು ಹೇಳುವ ಕುಕೀ ಯಾವ ಮುಚ್ಚುಮರೆಯೂ ಇಲ್ಲದೆ ಓಡಾಡುತ್ತಿತ್ತು. ಬಟ್ಲರ್ ಉದ್ದೇಶ ಕಳ್ಳತನವಲ್ಲ, ಕಂಪನಿಗಳಿಗೆ ಬಿಸಿ ಮುಟ್ಟಿಸುವುದು.

ಬಿಸಿ ಮುಟ್ಟಿತು. ದೊಡ್ಡ ಸೈಟ್‌ಗಳು ಒಂದೊಂದಾಗಿ ಪೂರ್ತಿ ಎಚ್‌ಟಿಟಿಪಿಎಸ್‌ಗೆ, ಅಂದರೆ ಬ್ರೌಸರ್ ಮತ್ತು ಸೈಟಿನ ನಡುವಿನ ಮಾತನ್ನೆಲ್ಲ ಎನ್‌ಕ್ರಿಪ್ಟ್ ಮಾಡುವ ಪದ್ಧತಿಗೆ, ಬಂದವು. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಇದಕ್ಕೆ ಬೇಕಾದ, ಸೈಟಿನ ಗುರುತು ಖಚಿತಪಡಿಸುವ ಸರ್ಟಿಫಿಕೇಟನ್ನು ಪುಕ್ಕಟೆ ಕೊಡಲು ಶುರುಮಾಡಿತು. ಸಣ್ಣ ಸೈಟ್‌ಗಳಿಗೂ ನೆಪ ಉಳಿಯಲಿಲ್ಲ. 2018ರ ಜುಲೈನಿಂದ ಕ್ರೋಮ್ ಬ್ರೌಸರ್ ಎಚ್‌ಟಿಟಿಪಿಎಸ್ ಇಲ್ಲದ ಪ್ರತಿ ಪುಟಕ್ಕೂ ‘ಸುರಕ್ಷಿತವಲ್ಲ’ ಅನ್ನೋ ಹಣೆಪಟ್ಟಿ ಅಂಟಿಸತೊಡಗಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಕಾಲದಲ್ಲಿ ಪಬ್ಲಿಕ್ ವೈ-ಫೈ ಬಗ್ಗೆ ಜನರನ್ನು ಎಚ್ಚರಿಸುತ್ತಿತ್ತು. ಈಗ ಎನ್‌ಕ್ರಿಪ್ಶನ್ ಎಲ್ಲ ಕಡೆ ಬಂದಿರುವುದರಿಂದ ಸಾಮಾನ್ಯವಾಗಿ ಬಳಸಬಹುದು ಎಂದು ಅದೇ ಹೇಳುತ್ತಿದೆ.

ಹಾಗಾದರೆ ಪಕ್ಕದ ಮೇಜಿನವನಿಗೆ ಏನು ಕಾಣುತ್ತದೆ? ನೀವು ಯಾವ ಸೈಟಿಗೆ ಹೋದಿರಿ ಅನ್ನೋದು ಸಾಮಾನ್ಯವಾಗಿ ಕಾಣುತ್ತದೆ. ಅಲ್ಲಿ ಯಾವ ಪುಟ ತೆರೆದಿರಿ, ಯಾವ ಫೈಲ್ ಇಳಿಸಿದಿರಿ, ಏನು ಟೈಪ್ ಮಾಡಿದಿರಿ ಅನ್ನೋದು ಕಾಣುವುದಿಲ್ಲ. ಡ್ರಾಪ್‌ಬಾಕ್ಸ್‌ಗೆ ಹೋದದ್ದು ಗೊತ್ತಾಗುತ್ತದೆ, ಅಲ್ಲಿಂದ ತಂದದ್ದು ಗೊತ್ತಾಗುವುದಿಲ್ಲ. ಸೈಟಿನ ಹೆಸರೂ ಅಷ್ಟಾಗಿ ಸೋರದಿರಲಿ ಅನ್ನೋದಾದರೆ ಫೋನಿನ ಪ್ರೈವೇಟ್ ಡಿಎನ್‌ಎಸ್ (ಸೈಟಿನ ವಿಳಾಸ ಕೇಳುವ ವಿಚಾರಣೆಯನ್ನು ಮುಚ್ಚಿ ಕಳಿಸುವ ಸೌಲಭ್ಯ) ಆನ್ ಮಾಡಿ. ಆಂಡ್ರಾಯ್ಡ್ 9ರಿಂದ ಈ ಸೆಟ್ಟಿಂಗ್ ಇದೆ. ಪೂರ್ತಿ ಮುಚ್ಚುವುದಿಲ್ಲ, ಸುಮಾರಾಗಿ ಕಡಿಮೆ ಮಾಡುತ್ತದೆ.

ಎಚ್‌ಟಿಟಿಪಿಎಸ್ ತಡೆಯದ ಸಂಗತಿ ಒಂದಿದೆ. ನೀವಾಗಿಯೇ ಪಾಸ್‌ವರ್ಡನ್ನು ತಪ್ಪು ಪುಟಕ್ಕೆ ಕೊಟ್ಟರೆ ಅದು ಏನೂ ಮಾಡಲಾರದು. 2024ರಲ್ಲಿ ಆಸ್ಟ್ರೇಲಿಯಾದ ಪೊಲೀಸರು ಒಬ್ಬನ ಮೇಲೆ ಹಾಕಿದ ಕೇಸ್ ನೋಡಿ. ವಿಮಾನ ನಿಲ್ದಾಣದಲ್ಲಿ, ವಿಮಾನದ ಒಳಗೆ ಅಸಲಿ ಹೆಸರಿನದ್ದೇ ನಕಲಿ ವೈ-ಫೈ ಎಬ್ಬಿಸಿದ್ದ ಅನ್ನೋದು ಆರೋಪವಾಗಿತ್ತು. ಸೇರಿಕೊಂಡವರಿಗೆ ಒಂದು ಪುಟ ಬರುತ್ತಿತ್ತು. ಇಮೇಲ್ ಅಥವಾ ಸೋಶಿಯಲ್ ಮೀಡಿಯಾ ಲಾಗಿನ್ ಕೊಡಿ ಅಂತ ಅದು ಕೇಳುತ್ತಿತ್ತು. ಜನ ಕೊಟ್ಟರು. ಎನ್‌ಕ್ರಿಪ್ಶನ್ ಒಡೆಯುವ ಕಷ್ಟವೇ ಅವನಿಗೆ ಬರಲಿಲ್ಲ, ಕೇಳಿದ, ಸಿಕ್ಕಿತು. ಇದಕ್ಕೂ ಹಿಂದೆ, 2014ರಲ್ಲಿ, ಕ್ಯಾಸ್ಪರ್‌ಸ್ಕಿ ಎಂಬ ಸೈಬರ್ ಭದ್ರತಾ ಸಂಸ್ಥೆ ಬಯಲು ಮಾಡಿದ ಡಾರ್ಕ್‌ಹೋಟೆಲ್ ಹ್ಯಾಕರ್ ತಂಡದ ದಾರಿಯೂ ಇದೇ ಜಾತಿಯದ್ದು. ಹೋಟೆಲ್ ವೈ-ಫೈಗೆ ಸೇರಿದ ದೊಡ್ಡ ಅಧಿಕಾರಿಗಳಿಗೆ ‘ಸಾಫ್ಟ್‌ವೇರ್ ಅಪ್‌ಡೇಟ್ ಇದೆ’ ಅಂತ ತೋರಿಸಿ ಕಂಪ್ಯೂಟರ್ ಒಳಗೆ ನುಗ್ಗುತ್ತಿದ್ದರು.

ಆದ್ದರಿಂದ ಹೊರಗಿನ ವೈ-ಫೈನಲ್ಲಿ ಎರಡು ವಿಷಯಕ್ಕೆ ಯಾವ ರಿಯಾಯಿತಿಯೂ ಬೇಡ. ವೈ-ಫೈ ಪುಟ ನಿಮ್ಮ ಇಮೇಲ್ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. ಬ್ರೌಸರ್ ಸರ್ಟಿಫಿಕೇಟ್ ಸರಿಯಿಲ್ಲ ಎಂದು ದೊಡ್ಡ ಎಚ್ಚರಿಕೆ ತೋರಿಸಿದರೆ ‘ಆದರೂ ಮುಂದುವರಿಯಿರಿ’ ಒತ್ತಬೇಡಿ.

ಸಂಪರ್ಕಕ್ಕೆ ಯಾವ ದಾರಿ?

ಸುಮ್ನೆ ಹೊರಗಿನ ವೈ-ಫೈ. ಸುದ್ದಿ ಓದುವುದು, ನಕ್ಷೆ ನೋಡುವುದು, ವಿಡಿಯೊ, ಮೆಸೇಜು ಇವಕ್ಕೆಲ್ಲ ಇದು ಸಾಕು. ಫೋನು, ಬ್ರೌಸರ್ ಅಪ್‌ಡೇಟ್ ಆಗಿರಬೇಕು, ಅಷ್ಟೆ. ಪಾಸ್‌ವರ್ಡ್ ಇರುವ ವೈ-ಫೈ ಅಂದರೆ ತಾನಾಗಿ ಸುರಕ್ಷಿತ ಅನ್ನೋ ನಂಬಿಕೆ ಬಹಳ ಜನರಲ್ಲಿದೆ. ಗೋಡೆ ಮೇಲೆ ಬರೆದಿಟ್ಟ ಪಾಸ್‌ವರ್ಡು ಎಲ್ಲರಿಗೂ ಗೊತ್ತಿರುವಂಥದ್ದೇ, ಅಲ್ವಾ? ವೈ-ಫೈಗೆ ಬೀಗ ಹಾಕುವ ಡಬ್ಲ್ಯುಪಿಎ2 ಪದ್ಧತಿ ಇರುವ ಕಡೆ ಆ ಪಾಸ್‌ವರ್ಡ್ ಗೊತ್ತಿರುವವನು, ನೀವು ಸೇರಿಕೊಂಡ ಕ್ಷಣದ ಮಾತುಕತೆಯನ್ನು ಹಿಡಿದಿಟ್ಟುಕೊಂಡಿದ್ದರೆ, ವೈ-ಫೈ ಮಟ್ಟದ ಎನ್‌ಕ್ರಿಪ್ಶನ್ ಬಿಚ್ಚಬಲ್ಲ. ಅದರ ನಂತರದ ಡಬ್ಲ್ಯುಪಿಎ3 ಈ ತೂತನ್ನು ಮುಚ್ಚಿದೆ. ಆದರೆ ಹೊರಗಿನ ರೌಟರ್‌ನಲ್ಲಿ ಏನಿದೆ ಅಂತ ವಿಚಾರಿಸುತ್ತಾ ಕೂರುವವರು ಯಾರು? ನಿಮ್ಮನ್ನು ಕಾಯುತ್ತಿರುವುದು ಎಚ್‌ಟಿಟಿಪಿಎಸ್ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಫೋನಿನ ಹಾಟ್‌ಸ್ಪಾಟ್. ಬ್ಯಾಂಕ್ ಕೆಲಸ, ಆಫೀಸಿನ ಕಡತ, ಹೊಸ ಕಡೆ ಲಾಗಿನ್ ಮಾಡುವುದು ಇಂಥವಕ್ಕೆ ನನ್ನ ಮೊದಲ ಆಯ್ಕೆ ಇದೇ. ನಕಲಿ ವೈ-ಫೈ ಸಮಸ್ಯೆಯೇ ಇಲ್ಲ, ಯಾರದ್ದೋ ಲಾಗಿನ್ ಪುಟವೂ ಇಲ್ಲ. ನಂಬಬೇಕಾದ್ದು ಒಂದೇ, ನಿಮ್ಮ ಮೊಬೈಲ್ ಕಂಪನಿ. ಹೇಗೂ ಇಡೀ ದಿನ ಅದನ್ನೇ ನಂಬಿ ಓಡಾಡುತ್ತೀರಿ. ತೊಂದರೆ ಅಂದರೆ ಬ್ಯಾಟರಿ ಬೇಗ ಇಳಿಯುತ್ತದೆ, ಡೇಟಾ ಖರ್ಚಾಗುತ್ತದೆ, ನೆಲಮಾಳಿಗೆಯಂಥ ಕಡೆ ಸಿಗ್ನಲ್ ಇರುವುದಿಲ್ಲ. ಕ್ಲೌಡ್ ಆಪ್ ಹಿಂದಿನಿಂದ ಸಾವಿರ ಫೋಟೊ ಸಿಂಕ್ ಮಾಡಲು ಹೊರಟರೆ ಡೇಟಾ ಖಾಲಿ. ಲ್ಯಾಪ್‌ಟಾಪ್‌ನಲ್ಲಿ ಈ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತು ಮಾಡಿಟ್ಟರೆ ದೊಡ್ಡ ಅಪ್‌ಡೇಟ್‌ಗಳು ತಡೆದು ನಿಲ್ಲುತ್ತವೆ. ಹಾಟ್‌ಸ್ಪಾಟಿಗೆ ಉದ್ದದ ಪಾಸ್‌ವರ್ಡ್ ಇಡಿ, ಅದರ ಹೆಸರಿನಲ್ಲಿ ನಿಮ್ಮ ಹೆಸರು ಬೇಡ.

ವಿಪಿಎನ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಜಾಹೀರಾತೂ ಜಾಸ್ತಿ. ವಿಪಿಎನ್ ಮಾಡುವ ಕೆಲಸ ಇಷ್ಟು: ನಿಮ್ಮ ಸಂಪರ್ಕವನ್ನೆಲ್ಲ ಒಂದು ಕೊಳವೆಯೊಳಗೆ ಹಾಕಿ ತನ್ನ ಸರ್ವರಿಗೆ ಒಯ್ಯುತ್ತದೆ, ಅಲ್ಲಿಂದ ಇಂಟರ್‌ನೆಟ್ಟಿಗೆ ಬಿಡುತ್ತದೆ. ವೈ-ಫೈ ಒಡೆಯನಿಗೆ ಕಾಣುತ್ತಿದ್ದ ಸೈಟಿನ ಹೆಸರು ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು. ಆ ಇನ್ನೊಬ್ಬರು ಯಾರು ಅನ್ನೋದೇ ಇಲ್ಲಿ ಮುಖ್ಯ ಪ್ರಶ್ನೆ.

ಪುಕ್ಕಟೆ ವಿಪಿಎನ್‌ಗಳ ಚರಿತ್ರೆ ಚೆನ್ನಾಗಿಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒ ಮತ್ತಿತರ ಸಂಸ್ಥೆಗಳ ಸಂಶೋಧಕರು ಆಂಡ್ರಾಯ್ಡ್‌ನ 283 ವಿಪಿಎನ್ ಆಪ್‌ಗಳನ್ನು ಬಿಚ್ಚಿ ನೋಡಿದರು. ಶೇ. 18ರಷ್ಟು ಆಪ್‌ಗಳು ಎನ್‌ಕ್ರಿಪ್ಟೇ ಮಾಡುತ್ತಿರಲಿಲ್ಲ. ಶೇ. 38ರಲ್ಲಿ ಮಾಲ್‌ವೇರ್ (ಕೆಡುಕು ಮಾಡುವ ಸಾಫ್ಟ್‌ವೇರ್) ಗುರುತು ಸಿಕ್ಕಿತು. ಫೇಸ್‌ಬುಕ್ ಕೊಂಡಿದ್ದ ಒನಾವೊ ಪ್ರೊಟೆಕ್ಟ್ ಆಪ್ ಇನ್ನೊಂದು ಪಾಠ. ಕಾಪಾಡುತ್ತೇನೆ ಎನ್ನುವ ಹೆಸರಿಟ್ಟುಕೊಂಡು, ಜನ ಬೇರೆ ಯಾವ ಆಪ್ ಎಷ್ಟು ಹೊತ್ತು ಬಳಸುತ್ತಾರೆ ಅನ್ನೋದನ್ನು ಕಂಪನಿಗೆ ಒಪ್ಪಿಸುತ್ತಿತ್ತು. 2018ರಲ್ಲಿ ಅದು ಆ್ಯಪಲ್‌ನ ಆಪ್ ಸ್ಟೋರಿನಿಂದ ಹೊರಬಿತ್ತು, ಮರುವರ್ಷ ಪೂರ್ತಿ ಮುಚ್ಚಿತು. ಯಾರು, ಯಾವ ದುಡ್ಡಿನಲ್ಲಿ ನಡೆಸುತ್ತಿದ್ದಾರೆ ಅಂತ ಗೊತ್ತಿಲ್ಲದ ಪುಕ್ಕಟೆ ವಿಪಿಎನ್ ಹಾಕಿಕೊಳ್ಳುವುದಕ್ಕಿಂತ ಬರೀ ವೈ-ಫೈ ಮೇಲು ಅಂತ ಧೈರ್ಯವಾಗಿ ಹೇಳುತ್ತೇನೆ.

ದುಡ್ಡು ಕೊಟ್ಟು ಕೊಂಡ ಒಳ್ಳೆಯ ವಿಪಿಎನ್ ಉಪಯೋಗಕ್ಕೆ ಬರುತ್ತದೆ. ಆದರೆ ಅದಕ್ಕೂ ಮಿತಿ ಇದೆ. ವೈ-ಫೈ ಲಾಗಿನ್ ಪುಟ ದಾಟುವವರೆಗೂ ಅದು ಶುರುವಾಗುವುದಿಲ್ಲ, ಮೇಲೆ ಹೇಳಿದ ನಕಲಿ ಪುಟ ಬರುವುದು ಅದೇ ಹೊತ್ತಿನಲ್ಲಿ. 2024ರ ಮೇ ತಿಂಗಳಲ್ಲಿ ಟನಲ್‌ವಿಷನ್ ಅನ್ನೋ ದೋಷ ಬೆಳಕಿಗೆ ಬಂತು. ವೈ-ಫೈ ನಡೆಸುವವನು ಡಿಎಚ್‌ಸಿಪಿಯ (ಸೇರಿಕೊಂಡ ಸಾಧನಕ್ಕೆ ನೆಟ್‌ವರ್ಕ್ ವಿಳಾಸ ಕೊಡುವ ವ್ಯವಸ್ಥೆ) ಒಂದು ಮಾಮೂಲಿ ಸೌಲಭ್ಯ ಬಳಸಿ, ನಿಮ್ಮ ಸಂಪರ್ಕವನ್ನು ವಿಪಿಎನ್ ಕೊಳವೆಯ ಹೊರಗೆ ತಿರುಗಿಸಬಹುದು ಅಂತ ಸಂಶೋಧಕರು ತೋರಿಸಿದರು. ಆಪ್ ಮಾತ್ರ ‘ಸಂಪರ್ಕದಲ್ಲಿದೆ’ ಅಂತಲೇ ತೋರಿಸುತ್ತಿರುತ್ತದೆ. ಆಂಡ್ರಾಯ್ಡ್ ಆ ಸೌಲಭ್ಯವನ್ನೇ ಓದುವುದಿಲ್ಲವಾದ್ದರಿಂದ ಅಲ್ಲಿ ಇದು ನಡೆಯುವುದಿಲ್ಲ. ವಿಪಿಎನ್ ಬಳಸುವುದಾದರೆ ಸೆಟ್ಟಿಂಗ್‌ನಲ್ಲಿ ‘ಯಾವಾಗಲೂ ಆನ್’ ಮತ್ತು ‘ವಿಪಿಎನ್ ಇಲ್ಲದಾಗ ಸಂಪರ್ಕ ತಡೆ’ ಎರಡನ್ನೂ ಹಾಕಿಡಿ.

ವಿಪಿಎನ್ ನಿಜಕ್ಕೂ ಯಾರಿಗೆ? ಆಫೀಸಿನವರು ಕೊಟ್ಟಿದ್ದರೆ ಮರುಮಾತಿಲ್ಲದೆ ಬಳಸಿ. ತಾವು ಯಾವ ಸೈಟ್ ನೋಡುತ್ತೇವೆ ಅನ್ನೋದೇ ಗುಟ್ಟಾಗಿರಬೇಕಾದ ಪತ್ರಕರ್ತರಂಥವರಿಗೆ ಬೇಕು. ತಿಂಗಳಲ್ಲಿ ಹೆಚ್ಚು ದಿನ ಹೋಟೆಲ್ ವೈ-ಫೈನಲ್ಲೇ ಕಳೆಯುವವರಿಗೂ ಸರಿ. ತಾಂತ್ರಿಕ ವಿಷಯ ಗೊತ್ತಿರುವವರು ಮನೆಯ ರೌಟರ್‌ನಲ್ಲೇ ವೈರ್‌ಗಾರ್ಡ್ ಅನ್ನೋ ವಿಪಿಎನ್ ಸಾಫ್ಟ್‌ವೇರ್ ಹಾಕಿಕೊಂಡು, ಎಲ್ಲಿದ್ದರೂ ಮನೆಯ ಮೂಲಕವೇ ಹೋಗಬಹುದು. ಆಗ ಹೊಸಬರನ್ನು ನಂಬುವ ಮಾತೇ ಇಲ್ಲ. ಉಳಿದವರು ಆ ದುಡ್ಡನ್ನು ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಒಳ್ಳೆಯ ಪಾಸ್‌ವರ್ಡ್ ಮ್ಯಾನೇಜರಿಗೆ ಹಾಕಿದರೆ ಲಾಭ ಜಾಸ್ತಿ.

ಕ್ಲೌಡ್‌ನಲ್ಲಿ ಕೀಲಿ ಯಾರ ಕೈಯಲ್ಲಿ?

ಎಲ್ಲ ಕ್ಲೌಡ್ ಕಂಪನಿಗಳೂ ‘ನಿಮ್ಮ ಫೈಲ್ ಎನ್‌ಕ್ರಿಪ್ಟ್ ಆಗಿದೆ’ ಅನ್ನುತ್ತವೆ. ಸುಳ್ಳಲ್ಲ, ಆದರೆ ಅರ್ಧ ಮಾತು. ಬ್ಯಾಂಕ್ ಲಾಕರಿನ ಕೀಲಿ ನಿಮ್ಮ ಹತ್ತಿರ ಇರುವುದಕ್ಕೂ ಮ್ಯಾನೇಜರ್ ಹತ್ತಿರವೇ ಇರುವುದಕ್ಕೂ ವ್ಯತ್ಯಾಸ ಇದೆಯಲ್ಲ, ಇಲ್ಲಿಯೂ ಹಾಗೇ.

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್‌ನ ಸಾಮಾನ್ಯ ಅಕೌಂಟ್‌ಗಳಲ್ಲಿ ಕೀಲಿ ಕಂಪನಿಯ ಕೈಯಲ್ಲಿದೆ. ಇದರಿಂದ ಅನುಕೂಲ ಬಹಳ. ಫೈಲಿನ ಒಳಗಿನ ಪದ ಹುಡುಕಬಹುದು, ಬ್ರೌಸರಿನಲ್ಲೇ ನಾಲ್ಕು ಜನ ಕೂಡಿ ತಿದ್ದಬಹುದು, ಪಾಸ್‌ವರ್ಡ್ ಮರೆತರೆ ಹೊಸದು ಪಡೆಯಬಹುದು. ಬೆಲೆ ಏನು ಅಂದರೆ, ಕೋರ್ಟ್ ಆದೇಶ ಬಂದರೆ ಕಂಪನಿ ತೆರೆದು ಕೊಡಬಲ್ಲದು. ಯಂತ್ರಗಳು ಒಳಗಿನದ್ದನ್ನು ತಪಾಸಣೆ ಮಾಡಬಲ್ಲವು. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಒಂದು ಪ್ರಕರಣ ವರದಿ ಮಾಡಿತು. ಒಬ್ಬ ತಂದೆ ಡಾಕ್ಟರಿಗೆ ತೋರಿಸಲೆಂದು ತೆಗೆದ ಮಗುವಿನ ಫೋಟೊವನ್ನು ಗೂಗಲ್‌ನ ತಪಾಸಣೆ ಅಪರಾಧವೆಂದು ಗುರುತಿಸಿತು, ಅಕೌಂಟ್ ಮುಚ್ಚಿಹೋಯಿತು. ತಪ್ಪಿಲ್ಲ ಅಂತ ಪೊಲೀಸರು ಹೇಳಿದ ಮೇಲೂ ಅಕೌಂಟ್ ವಾಪಸ್ ಬರಲಿಲ್ಲ. ಇಂಥದ್ದು ಎಲ್ಲರಿಗೂ ಆಗುವುದಿಲ್ಲ. ಆದರೆ ಇಮೇಲ್, ಫೋಟೊ, ಕಾಗದಪತ್ರ ಎಲ್ಲ ಒಂದೇ ಅಕೌಂಟಿನಲ್ಲಿದ್ದರೆ ಒಂದೇ ಏಟಿಗೆ ಎಲ್ಲ ಹೋಗುತ್ತದೆ ಅನ್ನೋದಂತೂ ನಿಜ.

ಎರಡನೆಯ ಬಗೆ ಎಂಡ್-ಟು-ಎಂಡ್. ಪ್ರೋಟಾನ್ ಡ್ರೈವ್, ಟ್ರೆಸೊರಿಟ್, ಮೆಗಾ ಈ ಗುಂಪಿನವು. ನಿಮ್ಮ ಸಾಧನದಲ್ಲೇ ಫೈಲ್ ಎನ್‌ಕ್ರಿಪ್ಟ್ ಆಗಿ ಹೊರಡುತ್ತದೆ, ಕಂಪನಿಗೆ ಕಾಣುವುದು ಬರೀ ಕಸದಂಥ ಅಕ್ಷರ. ಹೊರಗಿನ ವೈ-ಫೈನಲ್ಲೂ ಇದರದ್ದು ಒಂದು ಪದರ ಜಾಸ್ತಿ. ಹಾಗಂತ ಹೆಸರು ನೋಡಿ ಕಣ್ಣು ಮುಚ್ಚಿ ನಂಬುವಂತಿಲ್ಲ. 2022ರಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು ಮೆಗಾದ ವಿನ್ಯಾಸದಲ್ಲೇ ದೋಷ ತೋರಿಸಿದರು, ಕಂಪನಿ ಆಮೇಲೆ ತಿದ್ದಿತು. ಆ್ಯಪಲ್ ಬಳಸುವವರಿಗೆ 2022ರ ಡಿಸೆಂಬರ್‌ನಿಂದ ‘ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್’ ಅನ್ನೋ ಎಂಡ್-ಟು-ಎಂಡ್ ಸೌಲಭ್ಯ ಬಂದಿದೆ. ತಾನಾಗಿ ಆನ್ ಆಗಿರುವುದಿಲ್ಲ, ನೀವೇ ಮಾಡಬೇಕು. ಐಕ್ಲೌಡ್‌ನ ಫೋಟೊ, ಡ್ರೈವ್, ಬ್ಯಾಕಪ್ ಇದರೊಳಗೆ ಬರುತ್ತವೆ. ಮೇಲ್, ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಬರುವುದಿಲ್ಲ. ಸರ್ಕಾರದ ಒತ್ತಡದ ನಡುವೆ 2025ರ ಫೆಬ್ರುವರಿಯಲ್ಲಿ ಬ್ರಿಟನ್‌ನ ಹೊಸ ಬಳಕೆದಾರರಿಗೆ ಆ್ಯಪಲ್ ಇದನ್ನು ನಿಲ್ಲಿಸಿತು.

ಈ ಬಗೆಯಲ್ಲಿ ಪಾಸ್‌ವರ್ಡ್ ಮತ್ತು ರಿಕವರಿ ಕೀ (ಪಾಸ್‌ವರ್ಡ್ ಮರೆತಾಗ ಬಳಸುವ ಬದಲಿ ಕೀಲಿ) ಎರಡೂ ಕಳೆದುಹೋದರೆ ಫೈಲ್ ಹೋಯಿತು ಅಂತಲೇ ಅರ್ಥ. ಕಸ್ಟಮರ್ ಕೇರ್‌ಗೆ ಎಷ್ಟು ಗೋಗರೆದರೂ ಅವರ ಹತ್ತಿರ ಕೀಲಿಯೇ ಇರುವುದಿಲ್ಲ. ಪಾಸ್‌ವರ್ಡ್ ಪದೇಪದೇ ಮರೆಯುವವರಿಗೆ ಎಲ್ಲ ಫೋಟೊಗಳನ್ನೂ ಇಲ್ಲಿಡಿ ಅಂತ ನಾನು ಹೇಳುವುದಿಲ್ಲ.

ಇವೆರಡರ ನಡುವಿನ ದಾರಿ ನನಗೆ ಹೆಚ್ಚು ಹಿಡಿಸಿದ್ದು. ಈಗಿರುವ ಡ್ರೈವ್ ಹಾಗೇ ಇರಲಿ, ಅದರಲ್ಲಿ ಒಂದು ಫೋಲ್ಡರ್ ಮಾತ್ರ ಕ್ರಿಪ್ಟೊಮೇಟರ್‌ನಂಥ ಸಾಫ್ಟ್‌ವೇರಿನಿಂದ ಬೀಗ ಹಾಕಿದ್ದು. ಗುರುತಿನ ಪತ್ರ, ತೆರಿಗೆ ಕಾಗದ, ಆಸ್ಪತ್ರೆ ವರದಿ ಅದರೊಳಗೆ. ಫೈಲಿನ ಹೆಸರೂ ಅದರಲ್ಲಿ ಮುಚ್ಚಿಹೋಗುತ್ತದೆ. ಫೈಲ್ ಎಷ್ಟಿವೆ, ಎಷ್ಟು ದೊಡ್ಡವು, ಯಾವಾಗ ಬದಲಾದವು ಅನ್ನೋದು ಮಾತ್ರ ಕಂಪನಿಗೆ ಕಾಣುತ್ತದೆ. ರಜೆಯ ಫೋಟೊಗಳಿಗೆ ಈ ಸರ್ಕಸ್ ಬೇಕಿಲ್ಲ. ಯಾವಾಗಲೋ ಒಮ್ಮೆ ಒಂದು ಫೈಲ್ ಕಳಿಸಬೇಕು ಅನ್ನುವವರಿಗೆ ಫೈಲಿಗೆ ಬೀಗ ಹಾಕಿ ಕಟ್ಟುವ ಸೆವೆನ್-ಜಿಪ್ ಸಾಫ್ಟ್‌ವೇರ್ ಸಾಕು. ಎನ್‌ಕ್ರಿಪ್ಶನ್ ಬಗೆ ಎಇಎಸ್-256 ಆರಿಸಿ, ಫೈಲಿನ ಹೆಸರೂ ಮುಚ್ಚುವ ಆಯ್ಕೆಗೆ ಟಿಕ್ ಹಾಕಿ. ಪಾಸ್‌ವರ್ಡನ್ನು ಅದೇ ಇಮೇಲಿನಲ್ಲಿ ಬರೆದು ಕಳಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಸ್ವಂತ ಸರ್ವರ್ ಅಥವಾ ನಾಸ್ ಪೆಟ್ಟಿಗೆ (ಮನೆಯ ನೆಟ್‌ವರ್ಕಿಗೆ ಜೋಡಿಸುವ ಸ್ಟೋರೇಜ್) ಕೇಳಲು ಚೆಂದ. ಅಪ್‌ಡೇಟ್ ಮಾಡುವ ಕೆಲಸವೂ ನಿಮ್ಮದೇ ಅನ್ನೋದನ್ನು ಮರೆಯಬೇಡಿ. 2022ರಲ್ಲಿ, ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವ ಡೆಡ್‌ಬೋಲ್ಟ್ ರ‍್ಯಾನ್ಸಮ್‌ವೇರ್, ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿಟ್ಟಿದ್ದ ಕ್ಯೂನ್ಯಾಪ್ ಕಂಪನಿಯ ನಾಸ್ ಪೆಟ್ಟಿಗೆಗಳನ್ನು ಹುಡುಕಿ ಹುಡುಕಿ ಬೀಗ ಹಾಕಿತು. ಅದನ್ನು ನೋಡಿಕೊಳ್ಳುವ ಆಸಕ್ತಿ ಇದ್ದವರಿಗೆ ಮಾತ್ರ ಇದು.

ಯಾವುದನ್ನೇ ಆರಿಸಿದರೂ ಸಿಂಕ್ ಬೇರೆ, ಬ್ಯಾಕಪ್ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್ ಕಸದ ಬುಟ್ಟಿ 30 ದಿನಕ್ಕೆ ತಾನೇ ಖಾಲಿಯಾಗುತ್ತದೆ. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೇ ಸುಟ್ಟುಹೋಯಿತು. ಬೇರೆ ಕಡೆ ಪ್ರತಿ ಇಡದಿದ್ದವರು ಕಳೆದುಕೊಂಡದ್ದು ಕಳೆದುಕೊಂಡದ್ದೇ. ಕೈಯಳತೆಯಲ್ಲಿ ಒಂದು ಹಾರ್ಡ್‌ಡಿಸ್ಕ್ ಇರಲಿ.

ಬಾಗಿಲೇ ತೆರೆದಿದ್ದರೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಂದು ಪಾಸ್‌ವರ್ಡಿನಿಂದ ಮಣ್ಣುಪಾಲಾಗಬಹುದು. 2012ರಲ್ಲಿ ಡ್ರಾಪ್‌ಬಾಕ್ಸ್‌ಗೆ ಕಳ್ಳರು ನುಗ್ಗಿದ್ದು ಅಲ್ಲಿನ ಉದ್ಯೋಗಿಯೊಬ್ಬರು ಬೇರೆ ಕಡೆಯೂ ಬಳಸಿದ್ದ ಪಾಸ್‌ವರ್ಡಿನಿಂದ. ಆ ಕಳ್ಳತನದ ಗಾತ್ರ ಹೊರಬಂದದ್ದು 2016ರಲ್ಲಿ: 6.8 ಕೋಟಿಗೂ ಹೆಚ್ಚು ಅಕೌಂಟ್‌ಗಳ ಇಮೇಲ್ ಮತ್ತು ಹ್ಯಾಶ್ ಮಾಡಿದ (ನೇರವಾಗಿ ಓದಲಾಗದಂತೆ ಕಲಸಿಟ್ಟ) ಪಾಸ್‌ವರ್ಡ್. 2014ರಲ್ಲಿ ಸಿನಿಮಾ ತಾರೆಯರ ಐಕ್ಲೌಡ್ ಫೋಟೊಗಳು ಸೋರಿದ್ದು ವೈ-ಫೈನಿಂದಲ್ಲ. ಆ್ಯಪಲ್‌ನಿಂದ ಬಂದಂತೆ ಕಾಣುವ ಇಮೇಲ್ ಕಳಿಸಿ ಪಾಸ್‌ವರ್ಡ್ ಕಿತ್ತುಕೊಂಡದ್ದು ಅದರಲ್ಲಿ ಮುಖ್ಯ ದಾರಿ.

ಪಾಸ್‌ವರ್ಡ್ ಆದಮೇಲೆ ಕೇಳುವ ಎರಡನೆಯ ಹಂತದ ಬೀಗಗಳಲ್ಲಿ ಎಸ್‌ಎಂಎಸ್ ಓಟಿಪಿ ಎಲ್ಲಕ್ಕಿಂತ ದುರ್ಬಲ. ಏನೂ ಇಲ್ಲದ್ದಕ್ಕಿಂತ ವಾಸಿ. ಅಥೆಂಟಿಕೇಟರ್ ಆಪ್ ಕೊಡುವ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಅಂಕೆ ಅದಕ್ಕಿಂತ ಮೇಲು. ಸಿಮ್ ಕದ್ದವನಿಗೂ ಅದು ಸಿಗುವುದಿಲ್ಲ. ಆದರೆ ನಕಲಿ ಪುಟದಲ್ಲಿ ನೀವೇ ಆ ಅಂಕೆ ಟೈಪ್ ಮಾಡಿದರೆ ಕಳ್ಳ ಆ ಕ್ಷಣದಲ್ಲೇ ಅಸಲಿ ಪುಟಕ್ಕೆ ಹಾಕಿಬಿಡುತ್ತಾನೆ. ಪಾಸ್‌ವರ್ಡ್ ಬದಲು ನಿಮ್ಮ ಸಾಧನವೇ ಇಟ್ಟುಕೊಳ್ಳುವ ಕೀಲಿ, ಅಂದರೆ ಪಾಸ್‌ಕೀ, ಗೆಲ್ಲುವುದು ಇಲ್ಲೇ. ಅದು ಸೈಟಿನ ವಿಳಾಸಕ್ಕೆ ಕಟ್ಟಿರುತ್ತದೆ. ವಿಳಾಸ ಒಂದಕ್ಷರ ಬೇರೆಯಾದರೂ ಕೆಲಸ ಮಾಡುವುದಿಲ್ಲ. ನಿಮ್ಮ ಕಣ್ಣು ಮೋಸಹೋಗಬಹುದು, ಪಾಸ್‌ಕೀ ಹೋಗುವುದಿಲ್ಲ. ಗೂಗಲ್ ಅಕೌಂಟಿಗೆ 2023ರ ಮೇ ತಿಂಗಳಿನಿಂದ, ಆಮೇಲೆ ಬೇರೆ ಬಹಳ ಕಡೆ ಈ ಸೌಲಭ್ಯ ಬಂದಿದೆ. ಹೊರಗಿನ ವೈ-ಫೈ ಬಳಸುವವರಿಗೆ ಒಂದೇ ಒಂದು ಬದಲಾವಣೆ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಹಾಗಾದರೆ ಯಾರಿಗೆ ಯಾವುದು?

ಮನೆ ಫೋಟೊ, ಸಣ್ಣಪುಟ್ಟ ಕಾಗದ ಇರುವವರಿಗೆ ಸಾಮಾನ್ಯ ಕ್ಲೌಡ್, ಅದಕ್ಕೊಂದು ಪಾಸ್‌ಕೀ, ಮುಖ್ಯ ಕಾಗದಕ್ಕೆ ಬೀಗದ ಫೋಲ್ಡರ್ ಒಂದು. ವೈ-ಫೈ ಬರೀ ಓದಲು, ಬ್ಯಾಂಕಿಗೆ ಹಾಟ್‌ಸ್ಪಾಟ್. ವಿಪಿಎನ್ ಬೇಕಿಲ್ಲ.

ಬೇರೆಯವರ ಗುಟ್ಟು ಹೊತ್ತು ಓಡಾಡುವ ವಕೀಲರು, ವೈದ್ಯರು, ಪತ್ರಕರ್ತರಿಗೆ ಲೆಕ್ಕ ಬೇರೆ. ಅವರ ಫೈಲ್ ಹೊರಬಿದ್ದರೆ ನಷ್ಟ ಇನ್ನೊಬ್ಬರಿಗೆ. ಎಂಡ್-ಟು-ಎಂಡ್ ಸ್ಟೋರೇಜ್, ಎನ್‌ಕ್ರಿಪ್ಟ್ ಆದ ಲ್ಯಾಪ್‌ಟಾಪ್, ಹಾಟ್‌ಸ್ಪಾಟ್ ಇವು ಮೂರೂ ಬೇಕು. ಹಾಟ್‌ಸ್ಪಾಟ್ ಸಿಗದ ಕಡೆ ಮಾತ್ರ ನಂಬಿಕಸ್ತ ವಿಪಿಎನ್ ಜೊತೆಗೆ ವೈ-ಫೈ.

ಸೈಬರ್ ಕೆಫೆ, ಹೋಟೆಲ್ ಲಾಬಿಯ ಕಂಪ್ಯೂಟರ್‌ನಲ್ಲಿ ಕ್ಲೌಡ್ ತೆರೆಯುವುದು ಯಾರಿಗೂ ಬೇಡ. ಅಲ್ಲಿ ಕೀಬೋರ್ಡೇ ನಿಮ್ಮದಲ್ಲ, ವಿಪಿಎನ್ ಆಗಲಿ ಎಂಡ್-ಟು-ಎಂಡ್ ಆಗಲಿ ಏನೂ ಮಾಡಲಾರವು. ಪ್ರಿಂಟ್ ತೆಗೆಯಲೇಬೇಕು ಅಂದರೆ ಆ ಒಂದು ಫೈಲಿಗೆ ಮಾತ್ರ ಲಿಂಕ್ ಮಾಡಿ ತೆರೆಯಿರಿ, ಕೆಲಸ ಮುಗಿದ ಕೂಡಲೇ ಲಿಂಕ್ ರದ್ದು ಮಾಡಿ. ಹಳೇ ಲಿಂಕ್‌ಗಳೂ ಒಮ್ಮೆ ನೋಡಬೇಕಾದವೇ. ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಅಂತ ಎರಡು ವರ್ಷದ ಹಿಂದೆ ಕೊಟ್ಟದ್ದು ಇವತ್ತಿಗೂ ತೆರೆದೇ ಇರುತ್ತದೆ.

ಹೊರಡುವ ಮುಂಚೆ ರಿಕವರಿ ಕೋಡುಗಳನ್ನು ಕಾಗದದ ಮೇಲೆ ಬರೆದು ಮನೆಯಲ್ಲಿ ಒಂದು ಪ್ರತಿ ಇಡಿ, ಫೋನ್ ಜೊತೆಗಲ್ಲದೆ ಬೇರೆ ಚೀಲದಲ್ಲಿ ಇನ್ನೊಂದು. ಫೋನ್ ಕಳೆದರೆ ಇನ್ನೊಬ್ಬರ ಫೋನಿನಿಂದ ಅಕೌಂಟಿಗೆ ಹೋಗಿ, ಕಳೆದ ಫೋನನ್ನು ಲಾಗೌಟ್ ಮಾಡಲು ಬೇಕಾಗುವುದು ಅದೇ. ವಾಪಸ್ ಬಂದ ಮೇಲೆ ಅಲ್ಲಿ ಇಲ್ಲಿ ಸೇರಿಕೊಂಡ ವೈ-ಫೈ ಹೆಸರುಗಳನ್ನು ಫೋನಿನಿಂದ ಅಳಿಸಿ. ಇಲ್ಲದಿದ್ದರೆ ಅದೇ ಹೆಸರಿನ, ಪಾಸ್‌ವರ್ಡ್ ಇಲ್ಲದ ವೈ-ಫೈ ಎಲ್ಲಿ ಕಂಡರೂ ಫೋನು ಕೇಳದೆ ಹೋಗಿ ಸೇರಿಕೊಳ್ಳುತ್ತದೆ.